ಬೆಳೆದ ಕೂಡಲೇ ಪಾಲು: ನಮ್ಮ ವಿಶ್ವವಿದ್ಯಾಲಯಗಳ ಹಿಸ್ಸೆ ಪುರಾಣ

ಸೆಂಟ್ರಲ್ ಕಾಲೇಜು ಮೆಟ್ರೋ ನಿಲ್ದಾಣದಲ್ಲಿ ಇಳಿದು ಮೇಲೆ ಬಂದರೆ ಬೆಂಗಳೂರು ನಗರ ವಿಶ್ವವಿದ್ಯಾಲಯ. ಕೆ.ಆರ್. ಸರ್ಕಲ್ ಕಡೆ ನಡೆದರೆ ಯುವಿಸಿಇ ಎಂಬ ಇಂಜಿನಿಯರಿಂಗ್ ಕಾಲೇಜು, 1917ರಲ್ಲಿ ವಿಶ್ವೇಶ್ವರಯ್ಯನವರು ಶುರು ಮಾಡಿದ್ದು, ಈಗ ಸ್ವಂತ ಕಾಯ್ದೆ ಇರುವ ಸ್ವಾಯತ್ತ ಸಂಸ್ಥೆ. ಶೇಷಾದ್ರಿ ರಸ್ತೆ ಹಿಡಿದರೆ ಮಹಾರಾಣಿ ಕ್ಲಸ್ಟರ್ ವಿವಿ. ನೃಪತುಂಗ ರಸ್ತೆಗೆ ಹೊರಳಿದರೆ, ಮೊನ್ನೆ ಮೊನ್ನೆಯವರೆಗೆ ಸರ್ಕಾರಿ ವಿಜ್ಞಾನ ಕಾಲೇಜಾಗಿದ್ದ ನೃಪತುಂಗ ವಿವಿ. ಬಿಸಿಲಿಲ್ಲದ ದಿನ ನಾಲ್ಕನ್ನೂ ನಡೆದೇ ಸುತ್ತಿ ಬರಬಹುದು. ನಾಲ್ಕೂ ಸರ್ಕಾರದ್ದೇ. ನಾಲ್ಕಕ್ಕೂ ಬೇರೆ ಆಡಳಿತ, ಬೇರೆ ಬ್ಯಾಂಕ್ ಖಾತೆ, ಬೇರೆ ಮುದ್ರೆ. ಒಂದರ ಲ್ಯಾಬಿನಲ್ಲಿ ಇನ್ನೊಂದರ ಹುಡುಗಿ ಸೆಮಿಸ್ಟರ್ ಪೂರ್ತಿ ಪ್ರಯೋಗ ಮಾಡಬೇಕೆಂದರೆ ಎರಡು ಸಂಸ್ಥೆಗಳ ನಡುವೆ ಒಡಂಬಡಿಕೆ ಆಗಬೇಕು.

ಇದಕ್ಕೆ ನಾವು ಉನ್ನತ ಶಿಕ್ಷಣದ ವಿಸ್ತರಣೆ ಅನ್ನುತ್ತೇವೆ. ನನ್ನ ಲೆಕ್ಕದಲ್ಲಿ ಇದು ಹಿಸ್ಸೆ. ಅಣ್ಣತಮ್ಮಂದಿರು ಗೋಡೆ ಎಬ್ಬಿಸಿಕೊಂಡ ಹಾಗೆ. ಜಮೀನು ಅಷ್ಟೇ ಇರುತ್ತದೆ, ಒಲೆಗಳು ಮಾತ್ರ ಹೆಚ್ಚುತ್ತವೆ.

ಒಲೆ ಅಂದರೇನು ಅಂತ ಬಿಡಿಸಿ ಹೇಳಬೇಕು. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000ರ ಕೆಳಗೆ ಒಂದು ವಿವಿ ಹುಟ್ಟಿದರೆ ಕುಲಾಧಿಪತಿ ರಾಜ್ಯಪಾಲರು, ಸಮಕುಲಾಧಿಪತಿ ಉನ್ನತ ಶಿಕ್ಷಣ ಸಚಿವರು. ಇವರಿಬ್ಬರಿಗೂ ಹೊಸ ಖರ್ಚಿಲ್ಲ. ಖರ್ಚು ಅಲ್ಲಿಂದ ಕೆಳಗೆ: ನಾಲ್ಕು ವರ್ಷದ ಅವಧಿಗೆ ಒಬ್ಬ ಕುಲಪತಿ, ಒಬ್ಬ ಕುಲಸಚಿವ, ಮೌಲ್ಯಮಾಪನಕ್ಕೆ ಇನ್ನೊಬ್ಬ ಕುಲಸಚಿವ, ಒಬ್ಬ ಹಣಕಾಸು ಅಧಿಕಾರಿ. ಆಮೇಲೆ ಆಡಳಿತ ಮಂಡಳಿಯಾದ ಸಿಂಡಿಕೇಟ್, ವಿದ್ಯಾವಿಷಯಕ ಪರಿಷತ್ತು, ಹಣಕಾಸು ಸಮಿತಿ. ಅದರ ಕೆಳಗೆ ಪ್ರತಿ ವಿಷಯಕ್ಕೂ ಅಧ್ಯಯನ ಮಂಡಳಿ, ಪದವಿಗೆ ಒಂದು, ಸ್ನಾತಕೋತ್ತರಕ್ಕೆ ಒಂದು. ಮೂವತ್ತು ವಿಷಯ ಅಂತ ಇಟ್ಟುಕೊಂಡರೂ ಅರವತ್ತು ಮಂಡಳಿ. ಅದೇ ವಿಷಯಗಳಿಗೆ ಒಂದೇ ಊರಲ್ಲಿ ಮೂರು ವಿವಿ ಆದರೆ ನೂರ ಎಂಬತ್ತು. ಬಿ.ಕಾಂ.ನ ಕಾಸ್ಟ್ ಅಕೌಂಟಿಂಗ್ ಯಲಹಂಕದಲ್ಲಿ ಒಂದು ಥರ, ಜಯನಗರದಲ್ಲಿ ಇನ್ನೊಂದು ಥರ ಇರುವುದಕ್ಕೆ ಸಾಧ್ಯವಿಲ್ಲ. ಆದರೂ ಮೂರು ಕಡೆ ಸಭೆ, ಮೂರು ಕಡೆ ಪ್ರಯಾಣ ಭತ್ಯೆ, ಮೂರು ಕಡೆ ನಡಾವಳಿ.

ಬೆಂಗಳೂರು ವಿವಿ 1964ರದ್ದು. ಸೆಂಟ್ರಲ್ ಕಾಲೇಜು ಮತ್ತು ಇಂಜಿನಿಯರಿಂಗ್ ಕಾಲೇಜು ಅಲ್ಲಿಯವರೆಗೆ 1916ರ ಮೈಸೂರು ವಿವಿಯಲ್ಲಿದ್ದವು. ಆಮೇಲೆ ಮೈಸೂರು ರಸ್ತೆಯ ಬದಿಯಲ್ಲಿ ಸಾವಿರ ಎಕರೆಗೂ ಮಿಕ್ಕಿ ಜಾಗ ಸಿಕ್ಕಿ ಜ್ಞಾನಭಾರತಿ ಆಯಿತು. 2017ರ ಹೊತ್ತಿಗೆ ಇದನ್ನು ಮೂರು ಮಾಡಿದರು: ಜ್ಞಾನಭಾರತಿಯಲ್ಲಿ ತಾಯಿ ವಿವಿ, ಸೆಂಟ್ರಲ್ ಕಾಲೇಜಿನಲ್ಲಿ ಒಂದು, ಕೋಲಾರದಲ್ಲಿ ಉತ್ತರ ವಿವಿ. ಯಾವ ಕಾಲೇಜು ಯಾರಿಗೆ ಅನ್ನುವುದಕ್ಕೆ ಹಿಡಿದ ಗೆರೆ ವಿಧಾನಸಭಾ ಕ್ಷೇತ್ರದ್ದು! ಕಾಲೇಜುಗಳು ಓಟು ಹಾಕುವುದಿಲ್ಲ ಅನ್ನುವುದನ್ನು ಬಿಟ್ಟರೆ ಗೆರೆ ಸ್ಪಷ್ಟವಾಗೇ ಇದೆ.

ಒಡೆಯಲು ಕೊಟ್ಟ ಕಾರಣ ಸುಳ್ಳೇನಲ್ಲ. ಆರುನೂರಕ್ಕೂ ಹೆಚ್ಚು ಸಂಯೋಜಿತ ಕಾಲೇಜುಗಳನ್ನು ಒಂದೇ ಕಚೇರಿ ನಿಭಾಯಿಸುವುದು ಆಗದ ಮಾತು. ಆದರೆ ಆ ಭಾರ ಎಂಥದ್ದು? ಬಿ.ಕಾಂ. ಮೂರನೇ ಸೆಮಿಸ್ಟರಿನ ಒಂದು ಉತ್ತರ ಪತ್ರಿಕೆಯ ಹಿಂದೆ ಹೋಗಿ ನೋಡಿ. ಪರೀಕ್ಷಾ ಮಂಡಳಿ ಎರಡು ಮೂರು ಸೆಟ್ ಪ್ರಶ್ನೆ ಪತ್ರಿಕೆ ತಯಾರಿಸಬೇಕು. ಕಾಲೇಜು ಶುಲ್ಕ ಕಟ್ಟಿ ಅರ್ಜಿ ತುಂಬಬೇಕು, ಹಾಲ್ ಟಿಕೆಟ್ ಬರಬೇಕು. ಬರೆದ ಪತ್ರಿಕೆ ಬಂಡಲ್ ಆಗಿ ಕೇಂದ್ರಕ್ಕೆ ಹೋಗಿ, ನೋಂದಣಿ ಸಂಖ್ಯೆ ಮರೆಯಾಗಿ, ಸಂಕೇತ ಬಿದ್ದು, ಮೌಲ್ಯಮಾಪನ ಶಿಬಿರದಲ್ಲಿ ಯಾವುದೋ ಕಾಲೇಜಿನ ಯಾವುದೋ ಮೇಷ್ಟ್ರ ಕೈಗೆ ಸಿಗಬೇಕು. ಖಾಸಗಿ ಕಾಲೇಜು ಆ ಮೇಷ್ಟ್ರನ್ನು ಶಿಬಿರಕ್ಕೆ ಬಿಡದಿದ್ದರೆ ಬಂಡಲ್ ಕೂತಲ್ಲೇ ಕೂರುತ್ತದೆ. ಇತ್ತ ಆಂತರಿಕ ಅಂಕವನ್ನು ಕಾಲೇಜು ಗಡುವಿನೊಳಗೆ ಪೋರ್ಟಲಿಗೆ ಹಾಕದಿದ್ದರೆ, ಪತ್ರಿಕೆಯಲ್ಲಿ ಎಪ್ಪತ್ತು ತೆಗೆದವನ ಫಲಿತಾಂಶವೂ ತಡೆ. ಆಮೇಲೆ ಮರುಮೌಲ್ಯಮಾಪನ. ಅಷ್ಟರಲ್ಲಿ ಮುಂದಿನ ಸೆಮಿಸ್ಟರಿನ ಅರ್ಜಿ ಶುರು.

ಈ ಸರಪಳಿಯಲ್ಲಿ ಎಲ್ಲೂ ಪಾಠ ಇಲ್ಲ, ಸಂಶೋಧನೆಯೂ ಇಲ್ಲ. ನಮ್ಮ ವಿವಿಯ ಆಡಳಿತದ ಬಹುಪಾಲು ಶಕ್ತಿ ಹೋಗುವುದು ಇಲ್ಲಿಗೆ, ಜೊತೆಗೆ ಪ್ರತಿ ವರ್ಷದ ಸಂಯೋಜನೆಗೆ: ಕಾಲೇಜು ಅರ್ಜಿ ಹಾಕುವುದು, ಸ್ಥಳೀಯ ವಿಚಾರಣಾ ಸಮಿತಿ ಹೋಗಿ ಕೊಠಡಿ, ಗ್ರಂಥಾಲಯ, ಅಧ್ಯಾಪಕರ ಪಟ್ಟಿ ನೋಡುವುದು, ವರದಿ ಸಿಂಡಿಕೇಟಿಗೆ, ಅಲ್ಲಿಂದ ಸರ್ಕಾರಕ್ಕೆ. ಕಡತ ವಾಪಸ್ ಬರುವಷ್ಟರಲ್ಲಿ ಹುಡುಗರು ಆ ಕೋರ್ಸಿಗೆ ಸೇರಿ ಎರಡು ತಿಂಗಳಾಗಿರುತ್ತದೆ. ಇನ್ನು ನಿರಾಕರಿಸಲು ಯಾರಿಗೆ ಧೈರ್ಯ?

ಅಂದರೆ ಭಾರವಾಗಿದ್ದುದು ಪರೀಕ್ಷಾ ವಿಭಾಗ. ಒಡೆದದ್ದು ಇಡೀ ವಿವಿಯನ್ನು.

ಕ್ಯಾಲಿಫೋರ್ನಿಯಾ ವಿವಿಯನ್ನು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. 1868ರಲ್ಲಿ ಹುಟ್ಟಿದ ಒಂದೇ ಸಂಸ್ಥೆ, ಹತ್ತು ಕ್ಯಾಂಪಸ್, 3 ಲಕ್ಷದ ಹತ್ತಿರ ವಿದ್ಯಾರ್ಥಿಗಳು, ನಮ್ಮ ಹಾಗೆ ಪರೀಕ್ಷೆ ನಡೆಸಿಕೊಡಬೇಕಾದ ಸಂಯೋಜಿತ ಕಾಲೇಜು ಸೊನ್ನೆ. ಪಾಠ ಹೇಳಿದವರೇ ಪ್ರಶ್ನೆ ಪತ್ರಿಕೆ ತೆಗೆಯುತ್ತಾರೆ, ಅವರೇ ಅಂಕ ಕೊಡುತ್ತಾರೆ. ಹಾಗಾಗಿ ಅಲ್ಲಿ ಮೌಲ್ಯಮಾಪನ ಕುಲಸಚಿವ ಎಂಬ ಹುದ್ದೆಗೆ ಕೆಲಸವೇ ಇಲ್ಲ. ಮೇಲೆ ರೀಜೆಂಟ್ಸ್ ಎಂಬ ಮಂಡಳಿ: ಮತ ಹಾಕುವವರು 26 ಜನ, ಅದರಲ್ಲಿ 18 ಮಂದಿಯನ್ನು ರಾಜ್ಯದ ಗವರ್ನರ್ ನೇಮಿಸುತ್ತಾರೆ, ತಲಾ 12 ವರ್ಷಕ್ಕೆ. ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ ಎದುರಿಸುವ ಗವರ್ನರ್ ಒಂದೇ ಏಟಿಗೆ ಮಂಡಳಿಯನ್ನು ತನ್ನವರಿಂದ ತುಂಬಿಸಲಾಗದು ಅನ್ನುವುದೇ ಆ 12ರ ಮರ್ಮ. ನಮ್ಮಲ್ಲಿ ಸರ್ಕಾರ ಬದಲಾದರೆ ಸಿಂಡಿಕೇಟಿನ ನಾಮನಿರ್ದೇಶಿತರೂ ಬದಲಾಗುವುದು ರೂಢಿ. ಮಂಡಳಿಯ ಕೆಳಗೆ ಇಡೀ ವ್ಯವಸ್ಥೆಗೆ ಒಬ್ಬ ಅಧ್ಯಕ್ಷ, ಪ್ರತಿ ಕ್ಯಾಂಪಸ್ಸಿಗೆ ಒಬ್ಬ ಚಾನ್ಸಲರ್. (ಅದೇ ರಾಜ್ಯದ ಇನ್ನೊಂದು ಸರ್ಕಾರಿ ವ್ಯವಸ್ಥೆಯಾದ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಇದು ಉಲ್ಟಾ: ಮೇಲಿನವರು ಚಾನ್ಸಲರ್, ಕ್ಯಾಂಪಸ್ಸಿನವರು ಅಧ್ಯಕ್ಷ. ನಮ್ಮ ಚಾನ್ಸಲರ್ ರಾಜಭವನದಲ್ಲಿರುತ್ತಾರೆ. ಹೆಸರು ನೋಡಿ ಅಧಿಕಾರ ಊಹಿಸಬೇಡಿ.)

ಶುಲ್ಕ ಎಷ್ಟು ಅನ್ನುವುದು ಮಂಡಳಿಯ ತೀರ್ಮಾನ. ಪ್ರವೇಶದ ಕನಿಷ್ಠ ಅರ್ಹತೆ, ಹೊಸ ಪದವಿಗಳ ಒಪ್ಪಿಗೆ ಅಧ್ಯಾಪಕರ ಅಕಾಡೆಮಿಕ್ ಸೆನೆಟ್ ಕೈಯಲ್ಲಿ. ಅರ್ಜಿ ಒಂದೇ. ಅದರಲ್ಲೇ ಎಷ್ಟು ಕ್ಯಾಂಪಸ್ ಬೇಕೋ ಅಷ್ಟಕ್ಕೆ ಗುರುತು ಹಾಕಿ ಪ್ರತಿಯೊಂದಕ್ಕೂ ಶುಲ್ಕ ಕಟ್ಟಬೇಕು, ಸೀಟು ಕೊಡುವುದು ಬಿಡುವುದು ಆಯಾ ಕ್ಯಾಂಪಸ್ಸಿಗೆ ಸೇರಿದ್ದು. ಸ್ಯಾನ್ ಫ್ರಾನ್ಸಿಸ್ಕೋ ಕ್ಯಾಂಪಸ್ ವೈದ್ಯಕೀಯ ಕ್ಷೇತ್ರಕ್ಕೇ ಮೀಸಲು, ಪದವಿ ತರಗತಿಗೆ ಸೇರಿಸಿಕೊಳ್ಳುವುದಿಲ್ಲ. ಬರ್ಕ್ಲಿ ಮತ್ತು ಮರ್ಸೆಡ್ ಸೆಮಿಸ್ಟರ್ ಪದ್ಧತಿಯವು, ಉಳಿದವು ವರ್ಷವನ್ನು ಮೂರು ಕ್ವಾರ್ಟರ್ ಮಾಡಿಕೊಂಡು ಪಾಠ ನಡೆಸುತ್ತವೆ. ಕ್ಯಾಲೆಂಡರ್ ಕೂಡ ಒಂದಾಗಿಲ್ಲ, ಆದರೂ ಸಂಸ್ಥೆ ಒಂದೇ.

ನಮ್ಮ ಚರ್ಚೆಯಲ್ಲಿ ಕಾಣೆಯಾಗಿರುವ ಭಾಗ ಮಾತ್ರ ಬೇರೆ. ಆ ಕ್ಯಾಂಪಸ್‌ಗಳು ಹುಟ್ಟಿದ್ದು ಹೇಗೆ? ಡೇವಿಸ್ ಮೊದಲು ಬರ್ಕ್ಲಿಯ ಕೃಷಿ ಫಾರ್ಮ್. ರಿವರ್‌ಸೈಡ್ 1907ರಲ್ಲಿ ಶುರುವಾದ ಕಿತ್ತಳೆ ನಿಂಬೆ ಬೆಳೆಗಳ ಪ್ರಯೋಗ ಕೇಂದ್ರ. ಲಾಸ್ ಏಂಜಲೀಸ್ 1919ರಲ್ಲಿ ವಿವಿಯ ದಕ್ಷಿಣ ಶಾಖೆ. ಕೇಂದ್ರಗಳು ಬೆಳೆದವು, ಕ್ಯಾಂಪಸ್ ಆದವು, ಮನೆ ಬಿಟ್ಟು ಹೋಗಲಿಲ್ಲ. ನಮ್ಮಲ್ಲೂ ಬೀಜ ಇಂಥದ್ದೇ, ಅದಕ್ಕೆ ಸ್ನಾತಕೋತ್ತರ ಕೇಂದ್ರ ಅಂತ ಹೆಸರು. ಮೈಸೂರು ವಿವಿಯ ಕೊಣಾಜೆ ಕೇಂದ್ರ 1980ರಲ್ಲಿ ಮಂಗಳೂರು ವಿವಿ. ಧಾರವಾಡದ ಕರ್ನಾಟಕ ವಿವಿಯ ಕಲಬುರಗಿ ಕೇಂದ್ರ ಅದೇ ವರ್ಷ ಗುಲ್ಬರ್ಗ ವಿವಿ. ಬಿ.ಆರ್. ಪ್ರಾಜೆಕ್ಟ್ ಕೇಂದ್ರ 1987ರಲ್ಲಿ ಕುವೆಂಪು ವಿವಿ. ಆ ಕುವೆಂಪು ವಿವಿಯ ದಾವಣಗೆರೆ ಕೇಂದ್ರ 2009ರಲ್ಲಿ ಮತ್ತೊಂದು ವಿವಿ. ಕೋಲಾರದ್ದೂ ಇದೇ ಕಥೆ. ಮಗ ದುಡಿಯಲು ಶುರು ಮಾಡಿದ ದಿನವೇ ಪಾಲು ಪತ್ರ.

ತಾಯಿ ವಿವಿಯ ಮೇಲೆ ಈ ಕೇಂದ್ರಗಳವರಿಗಿರುವ ಸಿಟ್ಟಿಗೆ ಕಾರಣ ಇದೆ. ಸ್ನಾತಕೋತ್ತರ ಕೇಂದ್ರದ ನಿರ್ದೇಶಕ ಅಂದರೆ ಸಾಮಾನ್ಯವಾಗಿ ಅಲ್ಲಿನ ಹಿರಿಯ ಪ್ರಾಧ್ಯಾಪಕ, ಕುರ್ಚಿ ಉಂಟು, ಚೆಕ್ ಸಹಿ ಇಲ್ಲ. ಪಂಪ್‌ಸೆಟ್ ಸುಟ್ಟರೂ ಹಾಸ್ಟೆಲ್ ವಾರ್ಡನ್ ಬೇಕಾದರೂ ಕಡತ ಕೇಂದ್ರ ಕಚೇರಿಗೆ. ಲಾಸ್ ಏಂಜಲೀಸಿನವರ ಗೊಣಗಾಟವೂ ಹೆಚ್ಚು ಕಡಿಮೆ ಇದೇ ಆಗಿತ್ತು: ಎಲ್ಲದಕ್ಕೂ ಬರ್ಕ್ಲಿಯ ಅಪ್ಪಣೆ. ಅಲ್ಲಿ ಹುಡುಕಿದ ಮದ್ದು ಬೇರೆ. 1952ರ ಹೊತ್ತಿಗೆ ಎರಡೂ ಕಡೆ ಒಬ್ಬೊಬ್ಬ ಚಾನ್ಸಲರ್ ಬಂದರು, ಆಮೇಲಿನ ವರ್ಷಗಳಲ್ಲಿ ಹಣ, ನೇಮಕಾತಿಯ ಅಧಿಕಾರ ಒಂದೊಂದಾಗಿ ಕೆಳಗಿಳಿಯಿತು. ನಾವು ಅಧಿಕಾರ ಕೊಡುವ ಬದಲು ಇನ್ನೊಂದು ವಿವಿ ಕೊಟ್ಟೆವು.

ಪಾಲಿನಲ್ಲಿ ಸಾಲ ಯಾರಿಗೆ ಅನ್ನುವುದು ಹಳ್ಳಿಯ ಪಂಚಾಯ್ತಿಯಲ್ಲೂ ಮೊದಲ ಪ್ರಶ್ನೆ. ಇಲ್ಲಿ ಅದನ್ನೇ ಮರೆಯುತ್ತೇವೆ. ವಿವಿಯ ಆಂತರಿಕ ಸಂಪನ್ಮೂಲ ಅಂದರೆ ಮುಖ್ಯವಾಗಿ ಪರೀಕ್ಷಾ ಶುಲ್ಕ, ಸಂಯೋಜನಾ ಶುಲ್ಕ, ನೋಂದಣಿ ಶುಲ್ಕ. ಕಾಲೇಜುಗಳು ಹೊಸ ವಿವಿಗೆ ಹೋದರೆ ಈ ಹಣವೂ ಅವುಗಳ ಹಿಂದೆ ಹೋಗುತ್ತದೆ. ನಿವೃತ್ತರು ಮಾತ್ರ ತಾಯಿ ವಿವಿಯ ಹೆಸರಿನಲ್ಲೇ ಉಳಿಯುತ್ತಾರೆ. ಪೆನ್ಷನ್‌ನ ಒಂದು ಪಾಲನ್ನು ಆಂತರಿಕ ಸಂಪನ್ಮೂಲದಿಂದ ಭರಿಸಿ ಅಂತ ಸರ್ಕಾರ ಹೇಳಿದರೆ, ಯಾವ ಸಂಪನ್ಮೂಲ? ಮಂಡ್ಯ, ಹಾಸನ, ಚಾಮರಾಜನಗರ ಮೂರನ್ನೂ ಕಳೆದುಕೊಂಡ ಮೈಸೂರು ವಿವಿಗೆ ಪೆನ್ಷನ್ ಕೊಡುವುದೇ ಕಷ್ಟವಾದದ್ದು ಹೀಗೆ. ಹೊಸದರ ಪಾಡು ಇನ್ನೊಂದು ಬಗೆ. ಕಾಯ್ದೆಯ ಬಲದಿಂದ ಅದು ವಿವಿ ಆಗಿಬಿಡುತ್ತದೆ, ಆದರೆ ಯುಜಿಸಿ ಕಾಯ್ದೆಯ 12ಬಿ ಮಾನ್ಯತೆ ಇಲ್ಲದೆ ಕೇಂದ್ರ ಸರ್ಕಾರದ ಅನುದಾನ ಇಲ್ಲ. 12ಬಿಗೆ ಖಾಯಂ ಅಧ್ಯಾಪಕರು, ಕಟ್ಟಡ ಬೇಕು. ಅವಕ್ಕೆ ದುಡ್ಡು ಬೇಕು. ಅಷ್ಟರತನಕ ಅತಿಥಿ ಉಪನ್ಯಾಸಕರೇ ಗತಿ.

ವಿದ್ಯಾರ್ಥಿಗೆ ಇದು ತಟ್ಟುವುದು ಮನೆ ಬದಲಾಯಿಸಿದಾಗ. ಅಪ್ಪನ ಬಾಡಿಗೆ ಮನೆ ಊರಿನ ಉತ್ತರದಿಂದ ದಕ್ಷಿಣಕ್ಕೆ ಹೋದರೆ, ಮಗಳು ಎರಡನೇ ವರ್ಷಕ್ಕೆ ಹತ್ತಿರದ ಕಾಲೇಜಿಗೆ ಸೇರಲು ವಲಸೆ ಪ್ರಮಾಣಪತ್ರ, ಅರ್ಹತಾ ಪತ್ರ, ಪಠ್ಯ ಸಮಾನತೆಯ ಒಪ್ಪಿಗೆ ಎಲ್ಲ ಬೇಕು. ಬಿಎಂಟಿಸಿ ಪಾಸು ಊರಿಗೆಲ್ಲ ಒಂದೇ, ಪದವಿಯ ಸೆಮಿಸ್ಟರಿಗೆ ಮಾತ್ರ ಚೆಕ್‌ಪೋಸ್ಟು.

ತಮಾಷೆ ಏನೆಂದರೆ ತಂತ್ರಾಂಶ ಈಗಾಗಲೇ ಒಂದೇ ಆಗಿದೆ. 2021ರಿಂದ ರಾಜ್ಯದ ವಿವಿಗಳ ಪ್ರವೇಶ, ಪರೀಕ್ಷೆ, ಅಂಕಗಳು ಯುಯುಸಿಎಂಎಸ್ ಎಂಬ ಒಂದೇ ಪೋರ್ಟಲಿನಲ್ಲಿ. ಅದು ಕೈಕೊಟ್ಟರೆ ಎಲ್ಲ ವಿವಿಗಳೂ ಒಟ್ಟಿಗೇ ಒದ್ದಾಡುತ್ತವೆ. ಅಂದರೆ ಒಂದೇ ವ್ಯವಸ್ಥೆಯ ಕಷ್ಟ ಬಂದಾಗಿದೆ, ಲಾಭ ಇನ್ನೂ ಬಂದಿಲ್ಲ.

ಕೇಂದ್ರ ಕಚೇರಿ ಅಂದರೆ ಅಮೃತವೇನಲ್ಲ. ಕ್ಯಾಲಿಫೋರ್ನಿಯಾದಲ್ಲೇ 2017ರಲ್ಲಿ ರಾಜ್ಯದ ಲೆಕ್ಕ ಪರಿಶೋಧಕರು ಅಧ್ಯಕ್ಷರ ಕಚೇರಿಯಲ್ಲಿ ಬಹಿರಂಗಪಡಿಸದ 17.5 ಕೋಟಿ ಡಾಲರ್ ಮೀಸಲು ಹಣ ಪತ್ತೆ ಹಚ್ಚಿದರು. ಎಲ್ಲ ಕ್ಯಾಂಪಸ್ಸಿಗೂ ಒಂದೇ ಸಂಬಳದ ತಂತ್ರಾಂಶ ಅಂತ ಹೊರಟದ್ದು ವರ್ಷಗಟ್ಟಲೆ ಎಳೆಯಿತು, ಖರ್ಚು ಉಬ್ಬಿತು. ಮಧ್ಯದ ಕಚೇರಿಗೆ ಕೊಬ್ಬು ಬೇಗ ಬರುತ್ತದೆ. ಅದಕ್ಕೇ ಯಾವುದು ಮೇಲೆ, ಯಾವುದು ಕೆಳಗೆ ಅನ್ನುವುದನ್ನು ಕಾಯ್ದೆಯಲ್ಲೇ ಬರೆಯಬೇಕು. ನನ್ನ ಪ್ರಕಾರ ಪೆನ್ಷನ್, ಪೋರ್ಟಲ್, ಇ-ಪತ್ರಿಕೆಗಳ ಚಂದಾ, ಪಠ್ಯದ ಚೌಕಟ್ಟು, ಸಂಯೋಜಿತ ಕಾಲೇಜುಗಳ ಪರೀಕ್ಷೆ ಇವು ಮೇಲೆ. ನೇಮಕಾತಿ, ಕಟ್ಟಡ, ಹಾಸ್ಟೆಲ್, ಸಂಶೋಧನೆಯ ಹಣ, ಐಚ್ಛಿಕ ಪತ್ರಿಕೆಗಳು ಕ್ಯಾಂಪಸ್ಸಿನಲ್ಲಿ, ಚೆಕ್ ಸಹಿಯ ಸಮೇತ.

ನಮಗೆ ಇದು ಅನ್ಯಗ್ರಹದ ಮಾತಲ್ಲ. ಬೆಂಗಳೂರಿನ ಜಿಕೆವಿಕೆಯ ಕೃಷಿ ವಿವಿ ದಶಕಗಳ ಕಾಲ ಮಂಡ್ಯದ ವಿ.ಸಿ. ಫಾರ್ಮ್, ಹಾಸನ, ಚಿಂತಾಮಣಿ ಕ್ಯಾಂಪಸ್‌ಗಳನ್ನು ಒಬ್ಬೊಬ್ಬ ಡೀನ್ ಕೈಯಲ್ಲಿಟ್ಟು, ಶಿಕ್ಷಣ, ಸಂಶೋಧನೆ, ವಿಸ್ತರಣೆಗೆ ಒಬ್ಬೊಬ್ಬ ನಿರ್ದೇಶಕರನ್ನಿಟ್ಟು ನಡೆಸಿಕೊಂಡು ಬಂದಿದೆ. ಈಗ ಅದಕ್ಕೂ ಪಾಲಿನ ಗಾಳಿ ಬೀಸಿ, ಮಂಡ್ಯದಲ್ಲೇ ಬೇರೆ ಕೃಷಿ ವಿವಿ.

2025ರ ಆರಂಭದಲ್ಲಿ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿವಿಗಳನ್ನು ಮುಚ್ಚುವ ಮಾತಾಡಿದಾಗ ಗಲಾಟೆ ಎರಡೇ ಆಯ್ಕೆಯ ಸುತ್ತ ನಡೆಯಿತು: ಇರಲಿ ಅಥವಾ ಮುಚ್ಚಲಿ. ಕ್ಯಾಂಪಸ್ ಆಗಿ ಉಳಿಯಲಿ, ಮುಖ್ಯಸ್ಥರಿಗೆ ಹಣದ ಅಧಿಕಾರ ಇರಲಿ ಎಂಬ ಮೂರನೆಯದು ಹೆಚ್ಚು ಕೇಳಿಸಲಿಲ್ಲ. ಅದೇ ಮಾರ್ಚ್ ಬಜೆಟ್ಟಿನಲ್ಲಿ ಬೆಂಗಳೂರು ನಗರ ವಿವಿಗೆ ಡಾ. ಮನಮೋಹನ್ ಸಿಂಗ್ ಹೆಸರಿಟ್ಟು, ಸರ್ಕಾರಿ ಕಲಾ ಕಾಲೇಜು ಮತ್ತು ಆರ್.ಸಿ. ಕಾಲೇಜನ್ನು ಅದರ ಘಟಕ ಕಾಲೇಜು ಮಾಡುವ ಘೋಷಣೆ ಬಂತು. ಇಷ್ಟು ವರ್ಷಗಳಲ್ಲಿ ಕೂಡಿಸುವ ದಿಕ್ಕಿನ ಮಾತು ಅಪರೂಪ, ಹಾಗಾಗಿ ಇದಕ್ಕೆ ನನ್ನ ಬೆಂಬಲ. ಗಂಟು ಇರುವುದು ಇಲ್ಲಿ: ಆ ಕಾಲೇಜುಗಳ ಅಧ್ಯಾಪಕರು ಸರ್ಕಾರದ ಕಾಲೇಜು ಶಿಕ್ಷಣ ಇಲಾಖೆಯ ನೌಕರರು. ಕೌನ್ಸೆಲಿಂಗ್‌ನಲ್ಲಿ ರಾಜ್ಯದ ಯಾವ ಮೂಲೆಗಾದರೂ ವರ್ಗವಾಗುವವರು, ಜ್ಯೇಷ್ಠತೆಯೂ ಇಲಾಖೆಯದೇ ಪಟ್ಟಿಯಲ್ಲಿ. ಅವರು ವಿವಿಯ ನೌಕರರಾಗಬೇಕೇ, ನಿಯೋಜನೆಯ ಮೇಲೆ ಇರಬೇಕೇ? ನಿಯೋಜನೆ ಅಂದರೆ ಬಡ್ತಿ ಬಂದ ದಿನ ಹೊರಟುಹೋಗುತ್ತಾರೆ. ವಿವಿಯ ನೌಕರರಾದರೆ ಹಳೆಯ ಸೇವೆ, ಪೆನ್ಷನ್ ಯಾರ ತಲೆಗೆ? ಈ ಆಯ್ಕೆ ಪತ್ರ ಬರೆಸಿಕೊಳ್ಳುವ ಕೆಲಸ ಹೆಸರಿನ ಫಲಕ ಬದಲಾಯಿಸುವ ಮೊದಲು ಆಗಬೇಕಾದದ್ದು.