ಮೇಲ್ಮೈಗೆ ಮೀಟರು, ತಳಕ್ಕೆ ಟಿಪ್ಪರು

ಮುಂಗಾರು ಕಾಲಿಟ್ಟಿತೆಂದರೆ ಹಾವೇರಿ ಜಿಲ್ಲೆಯಲ್ಲಿ ವರದೆಯ ಹಾಜರಿ ಪುಸ್ತಕ ತೆರೆಯುತ್ತದೆ. ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟಿ ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುವ ಈ ಹೊಳೆ ತನ್ನ ಪಾಡಿಗೆ ತಾನು ಹರಿಯುತ್ತದೆ ಎಂದು ಯಾರಾದರೂ ತಿಳಿದಿದ್ದರೆ ಅದು ಅವರ ಅಜ್ಞಾನ. ಅದು ಸೇತುವೆಯ ಕಂಬದ ಮೇಲಿನ ಅಳತೆಪಟ್ಟಿಯ ಮುಂದೆ, ಮಹಾಪೂರದ ದಿನಗಳಲ್ಲಿ ತಾಸಿಗೊಮ್ಮೆ, ತನ್ನ ಎತ್ತರವನ್ನು ಒಪ್ಪಿಸಿಯೇ ಮುಂದೆ ಸಾಗಬೇಕು. ಆ ಎತ್ತರವನ್ನು ಸಮುದ್ರಮಟ್ಟದಿಂದ ಎಣಿಸಿ, ಸೆಂಟಿಮೀಟರೂ ತಪ್ಪದಂತೆ ಬರೆದಿಡಲಾಗುತ್ತದೆ. ಎಲ್ಲೋ ಇರುವ ಸಮುದ್ರದ ಲೆಕ್ಕ ಇಷ್ಟು ಕರಾರುವಾಕ್ಕಾಗಿ ಸಿಗುವ ನಮ್ಮ ನಾಡಿನಲ್ಲಿ, ಅದೇ ಕಂಬದ ಬುಡದಲ್ಲಿದ್ದ ಉಸುಕು ಎಲ್ಲಿಗೆ ಹೋಯಿತು ಎಂಬ ಲೆಕ್ಕ ಮಾತ್ರ ಯಾವ ಪುಸ್ತಕದಲ್ಲಿಯೂ ಸಿಗುವುದಿಲ್ಲ.

ಅಳತೆಯ ಶಾಸ್ತ್ರದಲ್ಲಿ ದೋಷವಿಲ್ಲ. ಹೊಳೆಯ ಅಡ್ಡಗಲವನ್ನು ಪಟ್ಟಿಪಟ್ಟಿಯಾಗಿ ವಿಂಗಡಿಸಿ, ಪ್ರತಿ ಪಟ್ಟಿಯ ಆಳ ನೋಡಿ, ಆ ಆಳದ ಹತ್ತರಲ್ಲಿ ಆರು ಪಾಲಿನಷ್ಟು ಕೆಳಗೆ ವೇಗಮಾಪಕವನ್ನು ಇಳಿಬಿಟ್ಟು, ಅದರ ಬಟ್ಟಲುಗಳು ಎಷ್ಟು ಸುತ್ತು ತಿರುಗಿದವೆಂದು ಎಣಿಸಿ, ಬಂದ ವೇಗವನ್ನು ವಿಸ್ತೀರ್ಣದಿಂದ ಗುಣಿಸಿದರೆ ಹರಿವು ತಿಳಿಯುತ್ತದೆ. ತಾಸಿಗೊಮ್ಮೆ ಇಷ್ಟೆಲ್ಲ ಮಾಡಲಾಗದು. ಆದ್ದರಿಂದ ಇಂತಿಷ್ಟು ಮಟ್ಟಕ್ಕೆ ಇಂತಿಷ್ಟು ಕ್ಯುಸೆಕ್ (ಸೆಕೆಂಡಿಗೆ ಇಷ್ಟು ಘನ ಅಡಿ ನೀರು) ಎಂಬ ಕೋಷ್ಟಕವೊಂದನ್ನು ಸಿದ್ಧಪಡಿಸಿಕೊಂಡು, ಮುಂದೆ ಮಟ್ಟವನ್ನಷ್ಟೇ ನೋಡಿ ಹರಿವನ್ನು ಓದಿ ಹೇಳುತ್ತಾರೆ. ಈ ಕೋಷ್ಟಕಕ್ಕೆ ಇರುವುದು ಒಂದೇ ಷರತ್ತು: ಹೊಳೆಯ ತಳ ಇದ್ದಲ್ಲಿಯೇ ಇರಬೇಕು. ತಳ ಬದಲಾದರೆ ಕೋಷ್ಟಕವನ್ನೂ ತಿದ್ದಬೇಕೆಂದು ಶಾಸ್ತ್ರವೇ ಹೇಳುತ್ತದೆ. ಆದರೆ ಹಗಲು ಅಳೆದ ತಳವನ್ನು ರಾತ್ರಿ ಟಿಪ್ಪರಿಗೆ ತುಂಬುವವರ ವೇಗಕ್ಕೆ ಯಾವ ಶಾಸ್ತ್ರ ಸರಿಸಮನಾಗಿ ಓಡೀತು?

ಇದರಿಂದಾಗಿ ಹೊಳೆಗೆ ಒಂದು ವಿಚಿತ್ರ ಸೌಲಭ್ಯ ದೊರಕಿದೆ. ಪಟ್ಟಿಯ ಮೇಲೆ ಮಟ್ಟ ಮೊಳದಷ್ಟು ಇಳಿದರೆ ನೀರು ಕಡಿಮೆಯಾಯಿತೋ ನೆಲವೇ ಕಡಿಮೆಯಾಯಿತೋ ಹೇಳುವಂತಿಲ್ಲ. ದಿನವಿಡೀ 11,574 ಕ್ಯುಸೆಕ್ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ, ಎಂಬ ಗಣಿತದಿಂದ ನಾವು ರಾಜ್ಯ ರಾಜ್ಯಗಳ ನಡುವೆ ದಶಕಗಟ್ಟಲೆ ವ್ಯಾಜ್ಯ ಹೂಡಬಲ್ಲೆವು, ದಶಾಂಶ ಬಿಂದುವಿಗಾಗಿ ವಕೀಲರನ್ನು ನೇಮಿಸಬಲ್ಲೆವು. ಆದರೆ ಆ ಅಂಕಿಯ ಅಡಿಗಲ್ಲಾದ ಹೊಳೆಯ ಪಾತ್ರ ಯಾರದೋ ಮನೆಯ ಸ್ಲ್ಯಾಬಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ. (ಆ ಮನೆ ನನ್ನದೂ ಇರಬಹುದು, ಕಟ್ಟಿಸುವಾಗ ಉಸುಕಿನ ಊರು ಯಾವುದೆಂದು ನಾನೂ ಕೇಳಲಿಲ್ಲ.)

ಹೊಳೆಗುಂಟ ಇನ್ನಷ್ಟು ಕೆಳಗೆ ಹೋದರೆ ಕಥೆ ತಲೆಕೆಳಗಾಗುತ್ತದೆ. 1953ರಲ್ಲಿ ನೀರು ನಿಲ್ಲಿಸಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ, ಹೂಳು ತುಂಬಿ ಈಗ 105.788 ಟಿಎಂಸಿಗೆ ಬಂದು ನಿಂತಿದೆ. ತಳ ಇರಬೇಕಾದಲ್ಲಿ ಇಳಿಯುತ್ತಿದೆ, ಇಳಿಯಬೇಕಾದಲ್ಲಿ ಏರುತ್ತಿದೆ. ಉಸುಕಿಗೆ ಗಿರಾಕಿ ಇದ್ದಾನೆ, ಹೂಳಿಗೆ ಇಲ್ಲ ಎಂಬುದನ್ನು ಬಿಟ್ಟರೆ ಇದರಲ್ಲಿ ಜಲವಿಜ್ಞಾನದ ರಹಸ್ಯವೇನೂ ಇಲ್ಲ.

ನನ್ನದೊಂದು ನಮ್ರ ಸಲಹೆಯಿದೆ. ಹೊಳೆಯ ಆಳವನ್ನು ಅಳೆಯುವ ಗುತ್ತಿಗೆಯನ್ನು ಉಸುಕಿನ ದಂಧೆಯವರಿಗೇ ವಹಿಸಿಕೊಡುವುದು ಒಳ್ಳೆಯದು. ಯಾವ ಮಡುವಿನಲ್ಲಿ ಎಷ್ಟು ಅಡಿ ಉಳಿದಿದೆ, ಯಾವ ಕಂಬದ ಅಡಿಪಾಯ ಹೊರಗೆ ಬಂದಿದೆ ಎಂಬುದು ಅವರಿಗೆ ಕತ್ತಲೆಯಲ್ಲಿಯೂ ಗೊತ್ತು. ಅಳತೆಪಟ್ಟಿ ಬೇಸಿಗೆಯಲ್ಲಿ ನೀರು ಮುಟ್ಟದೆ ಗಾಳಿಯಲ್ಲಿ ನೇತಾಡತೊಡಗಿದರೆ ಅದರ ಕೆಳಗೆ ಇನ್ನೊಂದು ತುಂಡು ಬಡಿಯುವ ಖರ್ಚನ್ನೂ ಅವರಿಂದಲೇ ವಸೂಲು ಮಾಡಬಹುದು.

ಅಳತೆಯ ಈ ಎರಡನೆಯ ಶಾಸ್ತ್ರವನ್ನು ನನಗೆ ಹೇಳಿಕೊಟ್ಟವರು ವರದೆಯ ದಂಡೆಯ ಒಬ್ಬ ಹಿರಿಯ ರೈತರು. ಅವರ ಪಂಪಿನ ಪೈಪಿಗೆ ಮೂರು ಕಡೆ ಜೋಡಣೆಯಿತ್ತು. ಪೈಪನ್ನು ಏಕೆ ಇಷ್ಟು ಉದ್ದ ಮಾಡಿಸಿದಿರಿ ಎಂದು ಕೇಳಿದ್ದಕ್ಕೆ, "ಪೈಪು ಉದ್ದಾಗಿಲ್ರೀ ಸರ, ಹೊಳಿನ ಕೆಳಗ ಹೋಗೈತಿ" ಎಂದರು. ಪಂಪು ನೀರನ್ನು ಎಷ್ಟು ಆಳದಿಂದ ಎಳೆಯಬಲ್ಲದೆಂಬುದಕ್ಕೂ ಮಿತಿಯಿರುವುದರಿಂದ ಪಂಪನ್ನೇ ದಂಡೆಯಿಂದ ಕೆಳಕ್ಕೆ ಇಳಿಸಿದ್ದರು. ಕೆಳಗಿಳಿಸಿದ್ದನ್ನು ಹೊಳೆ ಏರುವ ಮೊದಲು ಮೇಲೆತ್ತಬೇಕು. ಏರುವ ಸುದ್ದಿ ಸೇತುವೆಯಿಂದ ತಮಗೆ ಬರುತ್ತದೆಯೇ ಎಂದು ವಿಚಾರಿಸಿದೆ. ಅದು ಮ್ಯಾಲಿನವರಿಗೆ ಹೋಗತೈತಿ, ನಮಗಿಂತ ಮೊದಲ ನೀರು ಕಾಣೋ ಬನವಾಸಿಯ ಬೀಗರು ನಮಗ ಫೋನ್ ಹಚ್ಚತಾರ ಎಂದರು. ಹೊಳೆ ಇಳಿದ ಮೇಲೆ ಪಂಪನ್ನು ಮತ್ತೆ ಕೆಳಗಿಳಿಸಬೇಕಲ್ಲ, ಅದಕ್ಕೆಂದು ನಾಲ್ಕನೆಯ ತುಂಡನ್ನು ಈಗಾಗಲೇ ತಂದು ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟಿದ್ದರು.