ಅತಿಥಿ ದೇವರು, ಮನೆಯವರಿಗೆ ನೋಟಿಸು

ಸೆಪ್ಟೆಂಬರ್ 27 ಬಂತೆಂದರೆ ನಮ್ಮ ಬಾಗಲಕೋಟೆ ಜಿಲ್ಲೆಯ ನಸೀಬು ಖುಲಾಯಿಸುತ್ತದೆ. ಅವತ್ತು ವಿಶ್ವ ಪ್ರವಾಸೋದ್ಯಮ ದಿನ. ಯಾವುದಾದರೂ ಸಭಾಂಗಣದಲ್ಲಿ ದೀಪ ಹಚ್ಚುತ್ತಾರೆ, ಶಾಲು ಹೊದಿಸುತ್ತಾರೆ, ಹಣ್ಣಿನ ಬುಟ್ಟಿ ಕೊಡುತ್ತಾರೆ. ಆಮೇಲೆ ಮೈಕು ಹಿಡಿದವರೆಲ್ಲ ಹೇಳುವುದು ಒಂದೇ ಮಾತು: ಪ್ರವಾಸಿಗರು ಬಂದರೆ ಸ್ಥಳೀಯರ ಬಾಳು ಬಂಗಾರ. ಪಟ್ಟದಕಲ್ಲು ಯುನೆಸ್ಕೊ ಪಟ್ಟಿಗೆ ಸೇರಿದ್ದು 1987ರಲ್ಲಿ. ಅಂದಿನಿಂದ ಬಂಗಾರ ಬರುತ್ತಲೇ ಇದೆ. ಇನ್ನೂ ದಾರಿಯಲ್ಲಿದೆ, ಅಷ್ಟೇ.

ಇಂಥ ಸಭೆಗಳಲ್ಲಿ ಸ್ಥಳೀಯರು ಇರುವುದಿಲ್ಲ ಅಂತ ಕೆಲವರು ಕೊಂಕು ತೆಗೆಯುತ್ತಾರೆ. ತಪ್ಪು. ಕುರ್ಚಿ ಹಾಕಿದವರು, ಚಹಾ ಹಂಚಿದವರು ಯಾರು ಮತ್ತೆ?

ಸುಮ್ನೆ ಒಂದು ಕುಟುಂಬದ ಬೆನ್ನು ಹತ್ತಿ ನೋಡೋಣ. ಬೆಂಗಳೂರಿನಿಂದ ಶನಿವಾರ ನಸುಕಿನಲ್ಲಿ ಕಾರು ಹೊರಟಿತು ಅನ್ನಿ. ಬಾದಾಮಿಗೆ ಹೆಚ್ಚೂಕಡಿಮೆ 450 ಕಿಲೋಮೀಟರ್. ಪೆಟ್ರೋಲಿನ ದುಡ್ಡು ತೈಲ ಕಂಪನಿಗೆ, ಟೋಲಿನ ದುಡ್ಡು ಹೆದ್ದಾರಿಯವರಿಗೆ. ರೂಮು ಆ್ಯಪ್‌ನಲ್ಲಿ ಬುಕ್ ಆಗಿದೆ, ಕಮಿಷನ್ ಆ ಕಂಪನಿಗೆ. ಜಿಎಸ್‌ಟಿ ಸರ್ಕಾರಕ್ಕೆ. ಕುರುಕಲು ತಿಂಡಿ, ನೀರಿನ ಬಾಟಲಿ ಎಲ್ಲಾ ಬೆಂಗಳೂರಿನ ಮಾಲ್‌ನಿಂದಲೇ ಡಿಕ್ಕಿಯಲ್ಲಿ ಬಂದಿವೆ. ಬಾದಾಮಿ ಗುಹೆಗಳ ಟಿಕೆಟ್ ತಲೆಗೆ 25 ರೂಪಾಯಿ. ಪಟ್ಟದಕಲ್ಲಿನಲ್ಲಿ 40, ವಿದೇಶಿಯರಾದರೆ 600. ಆ ದುಡ್ಡು ಊರಲ್ಲಿ ಒಂದು ರಾತ್ರಿಯೂ ತಂಗುವುದಿಲ್ಲ. ನೇರ ದಿಲ್ಲಿಗೆ, ಭಾರತದ ಸಂಚಿತ ನಿಧಿಗೆ.

ಹಾಗಾದರೆ ಬಾದಾಮಿಗೆ ಉಳಿದದ್ದೇನು? ಖಾಲಿ ಬಾಟಲಿ, ಖಾಲಿ ಪಾಕೀಟು. ಅವನ್ನು ಎತ್ತಿ ಹಾಕುವ ಖರ್ಚು ಪುರಸಭೆಯದು. ಪುರಸಭೆಯ ಖರ್ಚು ಯಾರದು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಅರ್ಥಶಾಸ್ತ್ರದವರು ಇದಕ್ಕೆ ಸೋರಿಕೆ ಅನ್ನುತ್ತಾರೆ. ಸೋರುವ ಕೊಡಕ್ಕೆ ಬೆಸುಗೆ ಹಾಕಬಹುದು ಸ್ವಾಮಿ, ಇದಕ್ಕೆ ತಳವೇ ಇಲ್ಲ.

ಸುಳ್ಳು ಯಾಕೆ ಹೇಳಲಿ, ನಾಲ್ಕು ಕಾಸು ಬೀಳುತ್ತದೆ. ರೈಲು ಸ್ಟೇಷನ್ ಊರಿಂದ ದೂರ ಇರುವುದರಿಂದ ಆಟೋದವರಿಗೆ ಬಾಡಿಗೆ ಸಿಗುತ್ತದೆ. ಗೈಡುಗಳಿಗೆ, ಲಾಡ್ಜಿನ ಹುಡುಗರಿಗೆ, ಎಳನೀರಿನವರಿಗೆ ಅಷ್ಟಿಷ್ಟು. ಅದೂ ಅಕ್ಟೋಬರ್‌ನಿಂದ ಫೆಬ್ರವರಿ ತನಕ. ಎಪ್ರಿಲ್‌ನಲ್ಲಿ ಬಾದಾಮಿಯ ಕೆಂಪು ಬಂಡೆ ಕಾದಾಗ ಅಲ್ಲಿ ನಿಲ್ಲುವುದು ಬಿಸಿಲು ಮಾತ್ರ. ಬಂದವರಾದರೂ ಎಷ್ಟು ಹೊತ್ತು ಇರುತ್ತಾರೆ? ಬೆಳಿಗ್ಗೆ ಬಾದಾಮಿ, ಮಧ್ಯಾಹ್ನ ಪಟ್ಟದಕಲ್ಲು, ಸಂಜೆ ಐಹೊಳೆ, ರಾತ್ರಿ ಊಟ ಹೊಸಪೇಟೆಯಲ್ಲಿ. ಚಾಲುಕ್ಯರು ಎರಡು ನೂರು ವರ್ಷ ಕೂತು ಕೆತ್ತಿಸಿದ್ದನ್ನು ನಮ್ಮವರು ಊಟದ ಟೈಮ್ ಬಿಟ್ಟು ಆರು ತಾಸಿನಲ್ಲಿ ಮುಗಿಸುತ್ತಾರೆ. ಅದೇ ವಂಶದ ಮಂಗಲೇಶ 578ರಲ್ಲಿ ಬಾದಾಮಿಯ ಮೂರನೇ ಗುಹೆ ಮಾಡಿಸುವಾಗ ಪಾರ್ಕಿಂಗ್ ಬಗ್ಗೆ ಸ್ವಲ್ಪ ಯೋಚನೆ ಮಾಡಬೇಕಿತ್ತು.

ಮಧ್ಯವರ್ತಿ ಇಲ್ಲದೆ, ಕಮಿಷನ್ ಇಲ್ಲದೆ, ಪ್ರವಾಸಿಗನ ಕೈಯಿಂದ ನೇರವಾಗಿ ಲಾಭ ಪಡೆಯುವ ಸ್ಥಳೀಯ ಬಾದಾಮಿಯಲ್ಲಿ ಒಬ್ಬನೇ ಇದ್ದಾನೆ. ಮಂಗ್ಯಾ. ಗುಹೆಯ ಮೆಟ್ಟಿಲ ಮೇಲೆ ಕೂತಿರುತ್ತಾನೆ. ಅವಸರ ಇಲ್ಲ. ಮೊದಲು ಕೈ ನೋಡುತ್ತಾನೆ, ಆಮೇಲೆ ಚೀಲ ನೋಡುತ್ತಾನೆ. ಪಾಲಿಥೀನ್ ಸದ್ದು ಕೇಳಿದರೆ ಸಾಕು, ಎರಡೇ ನೆಗೆತ. ಕೂಲಿಂಗ್ ಗ್ಲಾಸ್ ಸಿಕ್ಕಿತೋ, ಅದನ್ನು ಬಂಡೆಯ ಅಂಚಿನಲ್ಲಿ ಹಿಡಿದು ಕೂರುತ್ತಾನೆ. ಕೆಳಗಿನಿಂದ ಬಾಳೆಹಣ್ಣು ಬಂದ ಮೇಲೆಯೇ ಬಿಡುಗಡೆ. ಬಾಳೆಹಣ್ಣು ಮಾರುವವರೂ ಸ್ಥಳೀಯರೇ. ನೋಡಿ, ಎಂಥ ಚೆಂದದ ಪೂರೈಕೆ ಸರಪಳಿ! ಯಾವ ಇಲಾಖೆಯ ಯೋಜನೆಯೂ ಇಷ್ಟು ಅಚ್ಚುಕಟ್ಟಾಗಿ ನಡೆದದ್ದನ್ನು ನಾನು ಕಂಡಿಲ್ಲ.

ಆದರೆ ಸೀಸನ್ ಮುಗಿದ ಮೇಲೆ ಇದೇ ಮಂಗ್ಯಾ ಊರೊಳಗೆ ಇಳಿಯುತ್ತಾನೆ. ಹೆಂಚು ಸರಿಸುತ್ತಾನೆ, ಒಣಗಿಸಿದ ಶೇಂಗಾ ಹೊತ್ತೊಯ್ಯುತ್ತಾನೆ. ಐದು ತಿಂಗಳು ಪ್ರವಾಸಿಗರು ಸಾಕಿದ್ದನ್ನು ಉಳಿದ ಏಳು ತಿಂಗಳು ಊರವರು ಸಾಕಬೇಕು. ಈ ಲೆಕ್ಕ ಯಾವ ವರದಿಯಲ್ಲಿ ಬರುತ್ತದೆ?

ಇನ್ನು ಐಹೊಳೆಗೆ ಬನ್ನಿ. ಅಲ್ಲಿ ನೂರಕ್ಕೂ ಹೆಚ್ಚು ಗುಡಿಗಳು. ಗುಡಿಗೆ ಒರಗಿ ಮನೆ, ಮನೆಗೆ ಒರಗಿ ಗುಡಿ. ಯಾವ ಕಾಲದಿಂದಲೋ ಜನ ಹಾಗೇ ಬದುಕಿದ್ದಾರೆ. ಗುಡಿಗಳ ಹೆಸರೂ ಅವರಿಂದಲೇ ಬಂದದ್ದು. ಗೌಡರ ಗುಡಿ, ಅಂಬಿಗೇರ ಗುಡಿ. ಲಾಡ್ ಖಾನ್ ಅನ್ನುವಾತ ಒಂದು ಗುಡಿಯಲ್ಲಿ ಸಂಸಾರ ಹೂಡಿದ್ದ. ಇವತ್ತು ಅದು ಲಾಡ್ ಖಾನ್ ಗುಡಿ, ಪಠ್ಯಪುಸ್ತಕದಲ್ಲಿದೆ. ಪುಣ್ಯಾತ್ಮ ಬೇಗ ಬಂದು ಇತಿಹಾಸ ಆದ. ಈಗ ಬಂದಿದ್ದರೆ ಒತ್ತುವರಿದಾರ ಆಗುತ್ತಿದ್ದ.

1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಹೊಸದೇನೂ ಕಟ್ಟುವ ಹಾಗಿಲ್ಲ. ಇದ್ದದ್ದನ್ನು ರಿಪೇರಿ ಮಾಡಬೇಕಾದರೂ ಅನುಮತಿ ಬೇಕು. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ, ಅಲ್ಲೂ ಅನುಮತಿ. ಅರ್ಜಿ ದಿಲ್ಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ತನಕ ಹೋಗಿ ಬರಬೇಕು. ಐಹೊಳೆಯ ಓಣಿಯಲ್ಲಿ ಯಾವ ಕಡೆ ಟೇಪು ಹಿಡಿದರೂ 100 ಮೀಟರಿನೊಳಗೆ ಒಂದು ಗುಡಿ ಸಿಕ್ಕೇ ಸಿಗುತ್ತದೆ.

ಹೀಗೊಂದು ಮಾತುಕತೆ ಊಹಿಸಿಕೊಳ್ಳಿ.

"ಸಾಹೇಬ್ರ, ಹಿಂದಿನ ಗ್ವಾಡಿ ಬಿದ್ದೈತ್ರಿ. ಕಟ್ಕೋಬೇಕ್ರಿ."

"ಅರ್ಜಿ ಕೊಡ್ರಿ."

"ಮಳಿ ಬರಾಕತ್ತೈತ್ರಿ."

"ಮಳಿಗೂ ಹೇಳ್ರಿ, ಅರ್ಜಿ ಹೋಗೇತಿ ಅಂತ."

ಸ್ಮಾರಕ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಕಾಯ್ದೆ ಇಲ್ಲದಿದ್ದರೆ ದುರ್ಗ ಗುಡಿಯ ಬೆನ್ನಿಗೇ ಮೂರಂತಸ್ತಿನ ಲಾಡ್ಜು ಎದ್ದಿರುತ್ತಿತ್ತು, ನಮ್ಮ ಜನ ಏನೂ ಕಡಿಮೆ ಅಲ್ಲ. ತಮಾಷೆ ಇರುವುದು ಬೇರೆ ಕಡೆ. ಗುಡಿಯ ಪಕ್ಕದ ಮನೆಯವನು ಒಂದು ಕೋಣೆ ಹೆಚ್ಚಿಗೆ ಕಟ್ಟಿ ಹೋಮ್‌ಸ್ಟೇ ಮಾಡೋಣ ಅಂದರೆ ಕಾಯ್ದೆ ಬಿಡುವುದಿಲ್ಲ. 300 ಮೀಟರ್ ಆಚೆ ಹೊಲ ಕೊಂಡ ಹೊರಗಿನವನು ರೆಸಾರ್ಟ್ ಕಟ್ಟಿದರೆ ಈ ಕಾಯ್ದೆ ತಡೆಯುವುದಿಲ್ಲ. ಗುಡಿಗೆ ಹತ್ತಿರ ಇದ್ದಷ್ಟೂ ಗಳಿಕೆ ಕಡಿಮೆ, ದೂರ ಇದ್ದಷ್ಟೂ ಜಾಸ್ತಿ. ಆಮೇಲೆ ಆ ರೆಸಾರ್ಟಿನ ಗೋಡೆ ಮೇಲೆ ಐಹೊಳೆಯ ಅಜ್ಜಿಯೊಬ್ಬಳ ದೊಡ್ಡ ಫೋಟೊ, ಕೆಳಗೆ ಅತಿಥಿ ದೇವೋ ಭವ.

ಹಾಗಿದ್ದರೆ ಊರನ್ನೇ ಎತ್ತಿ ಬೇರೆ ಕಡೆ ಇಡೋಣ ಅಂತ ಸರ್ಕಾರ ದಶಕಗಳಿಂದ ಹೇಳುತ್ತಿದೆ. ಸ್ಥಳಾಂತರ ಅನ್ನುವ ಮಾತು ಕೇಳುತ್ತಾ ಹುಟ್ಟಿದ ಮಕ್ಕಳು ಈಗ ಮೊಮ್ಮಕ್ಕಳಿಗೆ ಅದೇ ಕಥೆ ಹೇಳುವ ಹೊತ್ತಾಯಿತು. ಎದ್ದು ಹೋಗುವಂತಿಲ್ಲ, ಇದ್ದಲ್ಲಿ ಒಂದು ಸಂಡಾಸು ಕಟ್ಟಿಕೊಳ್ಳುವಂತಿಲ್ಲ. ಬಯಲಿಗೆ ಹೋದರೆ ಪ್ರವಾಸಿಗರು ಮೂಗು ಮುಚ್ಚಿಕೊಂಡು ಸ್ವಚ್ಛತೆಯ ಭಾಷಣ ಮಾಡುತ್ತಾರೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನೀರು ನುಗ್ಗಿತು. ದೂರದೂರದವರು ಫೋನ್ ಮಾಡಿ ಕೇಳಿದರು, ಗುಡಿಗೆ ಏನೂ ಆಗಿಲ್ಲ ತಾನೆ?

ಇಷ್ಟೆಲ್ಲ ಗೊಂದಲದ ನಡುವೆ ಬಾದಾಮಿಯ ಪಕ್ಕದಲ್ಲೇ ಬನಶಂಕರಿ ಇದೆ. ಅಲ್ಲಿ ಗುಡಿಯ ಮುಂದೆ ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು ಊಟ ಮಾರುತ್ತಾರೆ. "ಬರ್ರಿ ಯಣ್ಣಾ, ರೊಟ್ಟಿ ಉಂಡು ಹೋಗ್ರಿ" ಅಂತ ಕರೆಯುತ್ತಾರೆ. ಬಟ್ಟೆ ಸರಿಸಿದರೆ ಜೋಳದ ರೊಟ್ಟಿ, ಕೆಂಪು ಚಟ್ನಿ, ಶೇಂಗಾ ಹಿಂಡಿ, ಪಲ್ಯ, ಪುಟ್ಟ ಗಡಿಗೆಯಲ್ಲಿ ಗಟ್ಟಿ ಮೊಸರು. ಜೋಳ ಸುತ್ತಲಿನ ಹೊಲದ್ದು, ಹಾಲು ಊರಿನ ಎಮ್ಮೆಯದು, ಗಡಿಗೆ ಊರ ಕುಂಬಾರನದು. ಸಭೆಯಲ್ಲಿ ಪರದೆ ಮೇಲೆ ಬಾಣ ಬಿಟ್ಟು ತೋರಿಸುತ್ತಾರಲ್ಲ, ಒಂದು ರೂಪಾಯಿ ಊರಲ್ಲಿ ನಾಲ್ಕು ಕೈ ತಿರುಗಬೇಕು ಅಂತ? ಆ ಬಾಣಗಳೆಲ್ಲ ಈ ಬುಟ್ಟಿಯೊಳಗಿವೆ. ಆ್ಯಪ್ ಕೇಳಿದಷ್ಟು ಕೊಟ್ಟು ರೂಮು ಹಿಡಿದವರು ಇಲ್ಲಿ ಮಾತ್ರ ಹುಷಾರಾಗುತ್ತಾರೆ. "ಹತ್ತು ರೂಪಾಯಿ ಬಿಡಮ್ಮಾ" ಅಂತ ಚೌಕಾಸಿ ಶುರು. ಸ್ಥಳೀಯ ಆರ್ಥಿಕತೆಗೆ ಪೆಟ್ಟು ಬೀಳಬಾರದು ಅಂತ ಕಾಳಜಿ ಇರಬೇಕು.

ಬನದ ಹುಣ್ಣಿಮೆಗೆ ಇಲ್ಲಿ ಜಾತ್ರೆ. ಸುತ್ತಲಿನ ಜಿಲ್ಲೆಗಳಿಂದ ಜನ ಬರುತ್ತಾರೆ. ರಾತ್ರಿಯಿಡೀ ಕಂಪನಿ ನಾಟಕ ನೋಡುತ್ತಾರೆ, ಬಳೆ, ಇಳಕಲ್ ಸೀರೆ, ಗುಳೇದಗುಡ್ಡದ ಖಣ ಕೊಳ್ಳುತ್ತಾರೆ. ಕಿಸೆಯ ದುಡ್ಡು ಇಲ್ಲೇ ಇಳಿಸಿ ಹೋಗುತ್ತಾರೆ. ಆದರೆ ಇವರನ್ನು ಪ್ರವಾಸಿಗರು ಅಂತ ಯಾರೂ ಕರೆಯುವುದಿಲ್ಲ. ಇವರು ಜನಜಂಗುಳಿ. ಇವರಿಗೆ ಬ್ರೋಷರ್ ಇಲ್ಲ, ಬಂದೋಬಸ್ತ್ ಇದೆ.

ಈ ಜಾತ್ರೆಯ ದೊಡ್ಡ ವ್ಯಾಪಾರ ಅಂದರೆ ಮನೆಯ ಬಾಗಿಲು, ಚೌಕಟ್ಟು. ಸಾಲು ಸಾಲಾಗಿ ನಿಲ್ಲಿಸಿರುತ್ತಾರೆ, ಕೆತ್ತನೆ ಮಾಡಿದ್ದು, ಮಾಡದ್ದು. ಹೊಸ ಮನೆ ಕಟ್ಟುವವರು ಜಾತ್ರೆಗೆ ಕಾದು ಬಂದು, ಬಡಿದು ನೋಡಿ, ಗಾಡಿಗೆ ಹೇರಿಕೊಂಡು ಹೋಗುತ್ತಾರೆ. ಐಹೊಳೆಯವರೂ ಒಂದು ಜೋಡಿ ಕೊಂಡರು ಅನ್ನಿ. ಕೊಳ್ಳಲು ಯಾರ ಅಪ್ಪಣೆಯೂ ಬೇಡ. ಮನೆಗೆ ಒಯ್ದು, ಗೋಡೆ ಒಡೆದು ಕೂಡಿಸಬೇಕೆಂದರೆ ದಿಲ್ಲಿಗೆ ಅರ್ಜಿ ಹಾಕಬೇಕು.