ದಿಲ್ಲಿಯ ಚಳಿ, ನನ್ನ ಸ್ನಾನದ ಜಂಬ

ದಿಲ್ಲಿಗೆ ಬಂದ ಹೊಸತರಲ್ಲಿ ನಾವು ನಾಲ್ಕಾರು ದಕ್ಷಿಣದವರು ಊಟದ ಹೊತ್ತಿಗೆ ಕೂಡಿ ಇಲ್ಲಿಯವರ ಸ್ನಾನದ ಲೆಕ್ಕ ಹಾಕಿ ನಗುತ್ತಿದ್ದೆವು. ಸೋಮವಾರ ಮಿಂದರೆ ಮತ್ತೆ ಗುರುವಾರ! ಶಿರಸಿ ಕಡೆಯ ನನಗಂತೂ ಮೀಯದೆ ತಿಂಡಿಗೆ ಕೂರುವುದೆಂದರೆ ಜಾತಿಗೆಟ್ಟಂತೆ. ಅದಾಗಿ ಹದಿನಾಲ್ಕು ಚಳಿಗಾಲ ಕಳೆದಿವೆ. ನಗುತ್ತಿದ್ದವರಲ್ಲಿ ಒಬ್ಬನಾದರೂ ಆಗ ಗಮನಿಸಬೇಕಿತ್ತು: ಮೊಣಕಾಲಿನ ಕೆಳಗೆ ಹಾವಿನ ಪೊರೆಯಂತೆ ಚರ್ಮ ಏಳುತ್ತಿದ್ದದ್ದು ನಮಗೆ, ಅವರಿಗಲ್ಲ.

ನನ್ನ ಕ್ರಮ ಹೀಗಿತ್ತು. ಊರಿನ ಅಭ್ಯಾಸದಂತೆ ಮೊದಲು ಮೈಗೆ ಕೊಬ್ಬರಿ ಎಣ್ಣೆ. ಇಲ್ಲಿಯ ಜನವರಿಯಲ್ಲಿ ಅದು ಬಾಟಲಿಯೊಳಗೆ ಕಲ್ಲಾಗಿರುತ್ತದೆ. 24 ಡಿಗ್ರಿಗಿಂತ ಕೆಳಗಿಳಿದರೆ ಹೆಪ್ಪುಗಟ್ಟುವುದು ಅದರ ಗುಣ. ಬಿಸಿನೀರಿನ ತಂಬಿಗೆಯಲ್ಲಿ ಬಾಟಲಿ ಅದ್ದಿಟ್ಟು ಕರಗಿಸಿ, ಹಚ್ಚಿ, ಆಮೇಲೆ ಗೀಸರಿನಿಂದ ಹೊಗೆಯಾಡುವ ನೀರು ಬಿಟ್ಟುಕೊಂಡು ಇಪ್ಪತ್ತು ನಿಮಿಷ ಮೀಯುವುದು, ಎರಡು ಸಲ ಸಾಬೂನು, ಒರಟು ಪಂಚೆಯಿಂದ ತಿಕ್ಕಿ ಒರೆಸುವುದು, ಬಳಿಕ ಕೆಂಪಗೆ ಕಾದ ಹೀಟರಿನ ಮುಂದೆ ನಿಲ್ಲುವುದು. ಮಧ್ಯಾಹ್ನದ ಹೊತ್ತಿಗೆ ತುರಿಕೆ ಶುರು. ಬೆನ್ನು ಕೆರೆಯಲು ಕಚೇರಿಯ ಅಡಿಪಟ್ಟಿಯೇ ಗತಿ.

ಹೊರಗೆ ಎದುರಿನ ಮನೆ ಕಾಣದಷ್ಟು ಮಂಜು. ಆದರೂ ತುಟಿ ಒಡೆಯುವುದು ಹೇಗೆ ಎಂಬುದು ನನಗೆ ಬಹಳ ಕಾಲ ಒಗಟಾಗಿತ್ತು. ವಿಷಯ ಸರಳ. ತಣ್ಣನೆಯ ಗಾಳಿಗೆ ನೀರು ಹಿಡಿಯುವ ಶಕ್ತಿ ಕಡಿಮೆ. 7 ಡಿಗ್ರಿಯ ಗಾಳಿ ತೇವದಿಂದ ತುಂಬಿ ತುಳುಕಿದರೂ ಒಂದು ಘನ ಮೀಟರಿನಲ್ಲಿ 8 ಗ್ರಾಂ ನೀರೂ ಇರುವುದಿಲ್ಲ. ಅದೇ ಗಾಳಿಯನ್ನು ಕೋಣೆಯೊಳಗೆ 22 ಡಿಗ್ರಿಗೆ ಕಾಯಿಸಿದರೆ ಅದಕ್ಕೆ 19 ಗ್ರಾಂ ಹಿಡಿಯುವಷ್ಟು ಜಾಗವಾಗುತ್ತದೆ. ಉಳಿದದ್ದನ್ನು ಅದು ಎಲ್ಲಿಂದಲಾದರೂ ಹೀರಲು ನೋಡುತ್ತದೆ, ನಮ್ಮ ಮೈಯಿಂದಲೂ. ಇಲ್ಲಿಯ ಹಳಬರು ಹೀಟರಿನ ಪಕ್ಕ ಬೋಗುಣಿಯಲ್ಲಿ ನೀರಿಡುವುದು ಸುಮ್ಮನೆ ಅಲ್ಲ. ನಾನದನ್ನು ಬಹಳ ದಿನ ಬೆಕ್ಕಿಗೆ ಇಟ್ಟದ್ದು ಎಂದುಕೊಂಡಿದ್ದೆ.

ಕಣ್ಣು ತೆರೆಸಿದವರು ಮೇಲಿನ ಮಹಡಿಯ ಪಂಜಾಬಿ ಅಜ್ಜಿ. ಎಲ್ಲರಿಗೂ ಅವರು ಬೀಜೀ. ಬಿಸಿಲು ಬಿದ್ದ ದಿನ ತಾರಸಿಯಲ್ಲಿ ಮಂಚ ಹಾಕಿಕೊಂಡು, ಕಡಲೆಕಾಯಿ ಸುಲಿಯುತ್ತ, ಮಿಂದು ಬಂದ ಮೊಮ್ಮಗನ ಒದ್ದೆ ಕೈಕಾಲಿಗೇ ಬೆಚ್ಚಗಿನ ಸಾಸಿವೆ ಎಣ್ಣೆ ತಿಕ್ಕುತ್ತಿದ್ದರು. ನಮ್ಮಲ್ಲಿ ಎಣ್ಣೆ ಮೊದಲು, ನೀರು ಆಮೇಲೆ ಎಂದೆ. ಅವರು ನನ್ನ ಮುಖವನ್ನೇ ನೋಡಿ ಕೇಳಿದರು: "ಎಣ್ಣೆ ಹಚ್ಚಿ ಸಾಬೂನಿನಲ್ಲಿ ತೊಳೆದರೆ ಎಣ್ಣೆ ಯಾರ ಪಾಲಾಯಿತು, ಮಗನೇ? ಮೋರಿಯ ಪಾಲು."

ಸಿಟ್ಟು ಬಂತು, ನಿಜ. ಅಭ್ಯಂಜನವನ್ನು ಮೋರಿಗೆ ಸೇರಿಸಿದರಲ್ಲ ಎಂದು. ಆದರೆ ಯೋಚಿಸಿದರೆ, ಊರಿನಲ್ಲಿ ನಾವು ಎಣ್ಣೆಸ್ನಾನ ಮಾಡುತ್ತಿದ್ದದ್ದು ಹಬ್ಬಕ್ಕೋ ವಾರಕ್ಕೋ ಒಮ್ಮೆ. ತೊಳೆಯುತ್ತಿದ್ದದ್ದು ಸೀಗೆಪುಡಿ, ಕಡಲೆಹಿಟ್ಟಿನಲ್ಲಿ. ಮೈಯಲ್ಲಿ ಒಂದಿಷ್ಟು ಜಿಡ್ಡು ಉಳಿಯುತ್ತಿತ್ತು. ಅಡಿಕೆ ಸಿಪ್ಪೆ ಉರಿಯುವ ಒಲೆ, ಹಂಡೆ, ಉಗಿ ತುಂಬಿದ ಬಚ್ಚಲು, ಹೊರಗೆ ತೋಟದ ತಂಪು. ಎಣ್ಣೆ ಚರ್ಮಕ್ಕೆ ನೀರು ಕೊಡುವುದಿಲ್ಲ, ಇರುವ ನೀರು ಆರಿಹೋಗದಂತೆ ತಡೆಯುತ್ತದೆ ಅಷ್ಟೆ. ನಾನು ದಿಲ್ಲಿಗೆ ತಂದದ್ದು ಅಭ್ಯಂಜನದ ಹೆಸರನ್ನು ಮತ್ತು ಬಿಸಿನೀರಿನ ಚಟವನ್ನು. ಉಳಿದದ್ದೆಲ್ಲ ಘಟ್ಟದ ಮೇಲೇ ಉಳಿದಿತ್ತು.

ಹಾಗೆಂದು ಬೀಜೀ ಹೇಳಿದ್ದನ್ನೆಲ್ಲ ಒಪ್ಪಿದೆನೆಂದಲ್ಲ. ಸಾಸಿವೆ ಎಣ್ಣೆ ನನ್ನ ಮೈಗೆ ಉರಿ. ಅಂಗಿಯ ಕಾಲರಿಗೆ ಹಿಡಿದ ವಾಸನೆ ಮೂರು ಒಗೆತಕ್ಕೂ ಬಿಡುವುದಿಲ್ಲ. ಮುಖಕ್ಕೆ ಹಾಲಿನ ಕೆನೆ ಹಚ್ಚಿಕೊಂಡು ಹೊರಡುವುದೂ ನನ್ನಿಂದಾಗದು. ಗ್ಲಿಸರಿನ್ನಿಗೆ ಗುಲಾಬಿ ನೀರು ಬೆರೆಸಿ ಸೀಸೆಯಲ್ಲಿಡುವ ಇಲ್ಲಿಯ ಪದ್ಧತಿ ಮಾತ್ರ ಜಾಣತನದ್ದು. ನೀರು ಬೆರೆಸದ ಗ್ಲಿಸರಿನ್ ಒಣಹವೆಯಲ್ಲಿ ಚರ್ಮದೊಳಗಿನ ನೀರನ್ನೇ ಮೇಲಕ್ಕೆಳೆಯುತ್ತದೆ.

ಚಳಿಯ ಹೆಸರಿನಲ್ಲಿ ಬಿಳುಪನ್ನು ಮಾರುವುದರಲ್ಲಿ ಮಾತ್ರ ದಿಲ್ಲಿಗೂ ಶಿರಸಿಗೂ ಭೇದವಿಲ್ಲ. ಕಪ್ಪು ಮೈ ಒಣಗಿದರೆ ಬೂದಿ ಬಳಿದಂತೆ ಕಾಣುತ್ತದೆ, ಉಗುರು ತಾಗಿದಲ್ಲಿ ಬಿಳಿ ಗೆರೆ ಮೂಡುತ್ತದೆ. ಅದಕ್ಕೊಂದು ಮುಲಾಮು ಕೊಡಪ್ಪ ಎಂದರೆ ಅಂಗಡಿಯವನು ಬಣ್ಣ ತಿಳಿಯಾಗಿಸುವ ಕ್ರೀಮು ಮುಂದಿಟ್ಟ. 2020ರಲ್ಲಿ ಫೇರ್ ಅಂಡ್ ಲವ್ಲಿಯ ಹೆಸರಿನಿಂದ ಫೇರ್ ಹೋಗಿ ಗ್ಲೋ ಬಂತು. ಅಂಗಡಿಯವನ ಕೈ ಮಾತ್ರ ಈಗಲೂ ಅದೇ ಕಪಾಟಿಗೆ ಹೋಗುತ್ತದೆ.

ಊರಿನದ್ದೊಂದು ಇಲ್ಲಿ ಗೆದ್ದಿದೆ: ಮುರುಗಲ ತುಪ್ಪ. ಮುರುಗಲ ಹಣ್ಣಿನ, ಅಂದರೆ ಕೋಕಂನ ಬೀಜ ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಮೇಲೆ ತೇಲುವ ಜಿಡ್ಡು. ಆರಿದರೆ ಮೇಣದಂತೆ ಗಟ್ಟಿ. ಅಡಿಕೆ ಸುಲಿಯುವ ದಿನಗಳಲ್ಲಿ ಚೊಗರು ಹಿಡಿದು ಸೀಳಿದ ಬೆರಳುಗಳಿಗೆ ಆಯಿ, ಅಂದರೆ ನನ್ನಮ್ಮ, ರಾತ್ರಿ ಇದನ್ನೇ ಹಚ್ಚಿಕೊಳ್ಳುತ್ತಿದ್ದಳು. ದೀಪದ ಕುಡಿಗೆ ಉಂಡೆಯ ತುದಿ ಹಿಡಿದು, ಬೆವರಿದಂತಾದ ಕೂಡಲೇ ಬಿರುಕಿನ ಉದ್ದಕ್ಕೂ ಎಳೆಯುವುದು. ಉಸ್ಸೆನ್ನುವುದು, ಮತ್ತೆ ಎಳೆಯುವುದು. ಈಗ ವರ್ಷಕ್ಕೆ ಎರಡು ಉಂಡೆ ಹಳೆಯ ಪತ್ರಿಕೆಯಲ್ಲಿ ಸುತ್ತಿ ಬರುತ್ತವೆ. ಒಂದು ಬೀಜೀಯ ಹಿಮ್ಮಡಿಗೆ. ಮೊದಲ ಸಲ ಮೂಸಿ, ಇದಕ್ಕೆ ವಾಸನೆಯೇ ಇಲ್ಲ, ಕೆಲಸ ಹೇಗೆ ಮಾಡೀತು ಎಂದಿದ್ದರು. ಈ ಡಿಸೆಂಬರಿನಲ್ಲಿ ಅವರೇ ಕೇಳಿ ಕಳಿಸಿದರು.

ನನ್ನ ಸ್ನಾನ ಈಗ ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ. ಸಾಬೂನು ಕಂಕುಳು, ಸಂದಿಗಳಿಗಷ್ಟೇ. ಮೈ ಪೂರ್ತಿ ಆರುವ ಮೊದಲೇ ಎಣ್ಣೆ. ಮಂಜು ಕವಿದು ಸೂರ್ಯ ಕಾಣದ ದಿನಗಳಲ್ಲಿ ಕೈಕಾಲು, ಮುಖ ತೊಳೆದು ಮುಗಿಸುತ್ತೇನೆ. ಬೆಳಿಗ್ಗೆ ಎಂಟಕ್ಕೆ ಆಯಿಯ ಫೋನು ಬರುತ್ತದೆ. "ಚಳಿ ಹೇಗಿದೆಯೋ? ಸ್ನಾನ ಆಯಿತೇ?"

"ಆಯಿತು ಆಯಿ, ತಿಂಡಿಗೆ ಕೂತೆ" ಎನ್ನುತ್ತೇನೆ.